ಬೀಜಿಂಗಿಂದ ಶಿಯಾನ್‌ವರೆಗೆ: ಹೂರಣದ ರೊಟ್ಟಿ, ಜಜ್ಜಿದ ಸೌತೆಕಾಯಿ, ಹುಳಿ ಶರಬತ್ತು

ಶನಿವಾರ, ಬೀಜಿಂಗ್

ಏಪ್ರಿಲ್ ಕೊನೇಲಿ ಬೀಜಿಂಗಿಗೆ ಹೋದ್ರೆ ಗಾಳೀಲೆಲ್ಲಾ ಹತ್ತಿ ಹಾರ್ತಿರತ್ತೆ, ಪಾಪ್ಲರ್ ಮರ ವಿಲ್ಲೋ ಮರಗಳ ಬೀಜದ ಹತ್ತಿ ಅದು, ಮೂಗು ಬಾಯಿ ಕಣ್ಣು ಎಲ್ಲಾ ಕಡೆ ನುಗ್ಗತ್ತೆ. ಅಕ್ಕನ ಮಗ ಪುಟ್ಟ ಇಲ್ಲೇ ಓದ್ತಿರೋದು, ಏರ್‌ಪೋರ್ಟಿಗೇ ಮಾಸ್ಕ್ ತಂದು ನಿಂತಿದ್ದ. ನಾನು, ಅಕ್ಕ, ಅವನು, ಮೂರೇ ಜನ. ಅಕ್ಕ ಸಸ್ಯಾಹಾರಿ, ಮೊಟ್ಟೆ ನಡಿಯತ್ತೆ. ನಾನು ಸಿಕ್ಕಿದ್ದೆಲ್ಲಾ ತಿನ್ನೋನು. ಟ್ಯಾಕ್ಸೀಲೇ ಪುಟ್ಟ ಶುರು ಹಚ್ಕೊಂಡ, "ಮಾಮ, ಗೋಬಿ ಮಂಚೂರಿ ಎಲ್ಲಿ ಸಿಗತ್ತೆ ಅಂತ ಮಾತ್ರ ಕೇಳ್ಬೇಡಿ, ಇಲ್ಲಿ ಯಾರಿಗೂ ಗೊತ್ತಿಲ್ಲ. ಇದು ಗೋಧಿ ಸೀಮೆ. ಬಿಂಗ್ ತಿನ್ಸಿ ತಿನ್ಸಿ ಕಳಿಸ್ತೀನಿ ನಿಮ್ಮನ್ನ."

ಬಿಂಗ್ ಅಂದ್ರೆ ಇಲ್ಲಿ ಹಿಟ್ಟಿಂದ ಮಾಡಿದ ಚಪ್ಪಟೆ ತಿಂಡಿ ಎಲ್ಲಾದಕ್ಕೂ ಹೇಳ್ತಾರೆ, ಸಾದಾ ಇರಬಹುದು, ಎಳ್ಳು ಮೆತ್ತಿರಬಹುದು, ಒಳಗೆ ಮಾಂಸ ಸೊಪ್ಪು ತುಂಬಿರಬಹುದು. ತುಂಬಿದ್ದೇ ನಮ್ಮ ಟಾರ್ಗೆಟ್ಟು.

ಸಂಜೆ ನ್ಯೂಜಿಯೆ ಬೀದಿಗೆ ಹೋದ್ವಿ. ಹುಯ್ ಮುಸಲ್ಮಾನರ ಹಳೇ ಏರಿಯಾ ಅದು, ಅಲ್ಲಿನ ಮಸೀದಿ ಮೊದಲು ಕಟ್ಟಿದ್ದು 996ರಲ್ಲಂತೆ, ಹೊರಗಿಂದ ನೋಡಿದ್ರೆ ಪೂರ್ತಿ ಚೀನೀ ಮಂದಿರದ ಹೆಂಚಿನ ಸೂರು, ಗುಮ್ಮಟ ಏನೂ ಕಾಣಲ್ಲ. ಬೀದಿ ತುಂಬಾ ಹಲಾಲ್ ಅಂಗಡಿ, ಪ್ರತಿ ಅಂಗಡಿ ಮುಂದೂ ಕ್ಯೂ. ನಾವು ನಿಂತಿದ್ದು ಮನ್‌ಡಿಂಗ್ ರೋಬಿಂಗ್ ಕ್ಯೂನಲ್ಲಿ. ದಪ್ಪಗೆ, ಗುಂಡಗೆ, ಅರಮನೆ ಬಾಗಿಲಿಗೆ ಹೊಡಿಯೋ ದೊಡ್ಡ ಮೊಳೆಗಳ ತಲೆ ಹೇಗಿರತ್ತೋ ಹಾಗೆ, ಹೆಸರೂ ಅದರಿಂದಲೇ ಬಂದಿದ್ದು. ರಾಜಮಾತೆ ಸಿಶಿ ಹೆಸರಿಟ್ಟಿದ್ದು ಅಂತ ಅಂಗಡಿಯವ್ರು ಕತೆ ಹೇಳ್ತಾರೆ, ಬೀಜಿಂಗಲ್ಲಿ ಅರ್ಧ ತಿಂಡಿಗಳಿಗೆ ಆಕೆಯೇ ಹೆಸರಿಟ್ಟಿರೋ ಹಾಗಿದೆ ಕತೆ ಕೇಳಿದ್ರೆ, ನಾನಂತೂ ನಂಬಲ್ಲ.

ಒಳಗೆ ದನದ ಮಾಂಸದ ಕೀಮಾ, ರಾಶಿ ಈರುಳ್ಳಿ ಸೊಪ್ಪು. ಗುಟ್ಟು ಇರೋದು ಕೀಮಾ ಕಲಸೋದ್ರಲ್ಲಿ. ಹುವಾಜಿಯಾವ್ ಅನ್ನೋ ಮೆಣಸನ್ನ ಬಿಸಿನೀರಲ್ಲಿ ನೆನೆಸಿ ಆ ನೀರನ್ನ ಸ್ವಲ್ಪ ಸ್ವಲ್ಪವೇ ಹಾಕ್ತಾ ಒಂದೇ ದಿಕ್ಕಲ್ಲಿ ತಿರುಗಿಸ್ತಾ ಹೋಗ್ಬೇಕು, ಮಾಂಸ ಅಷ್ಟೂ ನೀರು ಕುಡಿಯತ್ತೆ, ಕಾವಲಿ ಮೇಲೆ ಬೆಂದಾಗ ಅದೇ ಒಳಗೆ ರಸ ಆಗತ್ತೆ. (ಈ ಮೆಣಸು ನಮ್ಮ ಮಲೆನಾಡಿನ ಜುಮ್ಮನಕಾಯಿ ಜಾತಿದೇ, ನಾಲಿಗೆ ಜುಂ ಅನ್ನತ್ತೆ.) ಕೈಗೆ ಬಂದ ತಕ್ಷಣ ಬಾಯಿಗೆ ಹಾಕಿದ್ರೆ ಮುಗೀತು ಕತೆ, ರಸ ಸುರ್ ಅಂತ ಎದುರಿಗಿದ್ದೋರ ಶರ್ಟಿಗೆ ಹಾರತ್ತೆ, ಕ್ಯೂನಲ್ಲೇ ಒಬ್ರು ತಾತನಿಗೆ ಆಯ್ತು. ಅಂಚಲ್ಲಿ ಸಣ್ಣದಾಗಿ ಕಚ್ಚಿ, ಊದಿ, ರಸ ಹೀರಿ, ಆ ತೂತಿನೊಳಗೆ ವಿನೆಗರ್ ಹನಿಸಿ ಆಮೇಲೆ ತಿನ್ಬೇಕು. ಆರಿದ್ರೆ ಕೊಬ್ಬು ಹೆಪ್ಪುಗಟ್ಟಿ ಬಾಯಿಗೆ ಅಂಟತ್ತೆ, ಹಾಗಾಗಿ ಪಾರ್ಸೆಲ್ ತಗೊಂಡು ಹೋಗೋ ಯೋಚನೆ ಬಿಟ್ಬಿಡಿ.

ಅಕ್ಕ ಅಷ್ಟೊತ್ತೂ ಬೇರೆ ಕಡೆ ತಿರುಗಿ ನಿಂತಿದ್ಲು. ಅವಳಿಗೆ ಬಟಾಣಿ ಬೇಯಿಸಿ ರುಬ್ಬಿ ಸಕ್ಕರೆ ಹಾಕಿ ಕಟ್ ಮಾಡಿರೋ ವಾನ್‌ದೌಹುವಾಂಗ್ ಸಿಕ್ತು, ತಣ್ಣಗೆ, ಹಳದಿಗೆ, ಬಾಯಲ್ಲಿಟ್ರೆ ಕರಗತ್ತೆ. "ಇದೊಂದಿದ್ರೆ ನಂಗೆ ಸಾಕು ಬಿಡ್ರೋ" ಅಂದ್ಲು. ಆಮೇಲೆ ಹಳೇ ಸ್ಟೈಲಿನ ಮೊಸರು, ಚಿಕ್ಕ ಪಿಂಗಾಣಿ ಜಾಡಿ, ಬಾಯಿಗೆ ಪೇಪರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿರ್ತಾರೆ, ಸ್ಟ್ರಾ ಚುಚ್ಚಿ ಅಂಗಡಿ ಮುಂದೇನೇ ಕುಡಿದು ಜಾಡಿ ವಾಪಸ್ ಕೊಡೋದು.

ಭಾನುವಾರ, ಬೀಜಿಂಗ್

ಬೆಳಗ್ಗೆ ಅರಮನೆ ನೋಡೋಕೆ ಮುಂಚೆ ಪುಟ್ಟ ನಮ್ಮನ್ನ ದೌಝ ಅಂಗಡಿಗೆ ಕರ್ಕೊಂಡು ಹೋದ. ಮುಖ ನೋಡಿದ್ರೇ ಗೊತ್ತಾಗ್ತಿತ್ತು ಏನೋ ಕಿತಾಪತಿ ಮಾಡ್ತಿದಾನೆ ಅಂತ.

ದೌಝ ಅಂದ್ರೆ ಹೆಸರುಕಾಳಿಂದು. ಹೆಸರುಕಾಳು ನೆನೆಸಿ ರುಬ್ಬಿ ಸ್ಟಾರ್ಚ್ ತೆಗೆದು ಶಾವಿಗೆ ಮಾಡ್ತಾರಲ್ಲ, ಆಗ ಉಳಿಯೋ ನೀರನ್ನ ಬಿಸಾಕದೆ ಹುಳಿ ಬರೋಕೆ ಬಿಟ್ಟು, ಕುದಿಸಿ, ಬಿಸಿಬಿಸಿ ಬೌಲಲ್ಲಿ ಕೊಡ್ತಾರೆ. ಬಣ್ಣ ಬೂದಿ ಹಸಿರು. ವಾಸನೆ ಎರಡು ದಿನ ಹಳೇ ಅಕ್ಕಚ್ಚು, ಎಮ್ಮೆಗೆ ಇಡೋಕೂ ಯೋಚನೆ ಮಾಡೋ ಅಂಥದ್ದು. ನಾನು ಎರಡು ಗುಟುಕಿಗೆ ಕೈ ಎತ್ತಿದೆ. ಪಕ್ಕದ ಟೇಬಲ್ಲಿನ ಅಜ್ಜಂದಿರು ಮಾತ್ರ ಸುರ್ ಸುರ್ ಅಂತ ಹೀರ್ತಾ ಪೇಪರ್ ಓದ್ತಾ ಕೂತಿದ್ರು, ಮಧ್ಯೆ ಮಧ್ಯೆ ಜಿಯಾವ್‌ಚುವಾನ್ ಅಂತ ಎಣ್ಣೇಲಿ ಕರಿದ ಗರಿಗರಿ ಬಳೆ, ತೆಳ್ಳಗೆ ಹೆಚ್ಚಿದ ಉಪ್ಪಿನಕಾಯಿ ಗೆಡ್ಡೆ. ಆಶ್ಚರ್ಯ ಅಂದ್ರೆ ಅಕ್ಕನಿಗೆ ಇಷ್ಟ ಆಯ್ತು! ಬೌಲ್ ಪೂರ್ತಿ ಖಾಲಿ. "ಹುಳಿ ಬಂದ ಗಂಜಿ ಕುಡಿದು ಬೆಳೆದೋರು ಕಣೋ ನಾವು, ನೀನು ಫ್ರಿಜ್ ಬಂದ ಮೇಲೆ ಹುಟ್ಟಿದೋನು" ಅಂತ ನಂಗೇ ತಿರುಗಿಸಿದ್ಲು, ಪುಟ್ಟನ ಪ್ಲಾನ್ ಫೇಲ್. ಅವಳಿಗೆ ಇನ್ನೂ ಇಷ್ಟ ಆಗಿದ್ದು ಮ್ಯೆನ್‌ಚಾ, ಹೆಸರಲ್ಲಿ ಚಾ ಇದ್ರೂ ಟೀ ಪುಡಿ ಇಲ್ಲ, ನವಣೆ ಇಲ್ಲಾ ಬರಗಿನ ಹಿಟ್ಟಿನ ಗಟ್ಟಿ ಅಂಬಲಿ, ಮೇಲೆ ಎಳ್ಳಿನ ಪೇಸ್ಟ್ ದಾರ ದಾರವಾಗಿ ಸುರಿದು ಉಪ್ಪು ಬೆರೆಸಿದ ಎಳ್ಳುಪುಡಿ ಉದುರಿಸಿರ್ತಾರೆ. ಇದಕ್ಕೆ ಸ್ಪೂನ್ ಹಾಕಿದ್ರೆ ಹಳೇ ಬೀಜಿಂಗ್ ಜನ ನಗ್ತಾರೆ, ಬೌಲನ್ನ ಕೈಯಲ್ಲಿ ತಿರುಗಿಸ್ತಾ ಅಂಚಿಂದಲೇ ಹೀರಬೇಕು, ಹಾಗೆ ಹೀರಿದ್ರೆ ಪ್ರತಿ ಗುಟುಕಿಗೂ ಅಂಬಲಿ ಜೊತೆ ಎಳ್ಳು ಬರತ್ತೆ.

ಅರಮನೆ ಬಗ್ಗೆ ಎಲ್ರೂ ಬರೀತಾರೆ, ನಾನು ಬರಿಯಲ್ಲ. ಬಾಗಿಲ ಮೊಳೆ ಮಾತ್ರ ಎಣಿಸಿದ್ವಿ, ಒಂಬತ್ತು ಸಾಲು ಒಂಬತ್ತು, ಪ್ರತಿ ಕದಕ್ಕೆ 81. ಪೂರ್ವದ ಬಾಗಿಲಿಗೆ ಮಾತ್ರ 72. ನಿನ್ನೆ ತಿಂದಿದ್ದರ ಸೈಜಿಗೂ ಇದಕ್ಕೂ ಹೋಲಿಕೆ ಸರಿಯಾಗೇ ಇದೆ.

ಮಧ್ಯಾಹ್ನ ದಾಶಿಲಾರ್ ಹಳೇ ಮಾರ್ಕೆಟ್ ಗಲ್ಲಿಗಳಲ್ಲಿ ದಾಲ್ಯೆನ್ ಹುವೊಶಾವ್. ಹಿಂದಿನ ಕಾಲದಲ್ಲಿ ದುಡ್ಡು ಹಾಕ್ಕೊಂಡು ಹೆಗಲ ಮೇಲೆ ಇಳಿಬಿಡ್ತಿದ್ದ ಉದ್ದ ಚೀಲದ ಶೇಪು, ಹಿಟ್ಟನ್ನ ತೆಳ್ಳಗೆ ಚೌಕಾಕಾರ ಮಾಡಿ ಮಧ್ಯೆ ಹೂರಣ ಇಟ್ಟು ಎರಡೂ ಕಡೆಯಿಂದ ಮಡಚಿ ಕಾವಲಿ ಮೇಲೆ ಎಣ್ಣೆ ಹಾಕಿ ಬೇಯಿಸೋದು, ತುದಿ ಎರಡೂ ಓಪನ್. ಮನ್‌ಡಿಂಗ್‌ಗಿಂತ ಇದೇ ನಂಗೆ ಹಿಡಿಸಿದ್ದು, ಯಾಕಂದ್ರೆ ಗರಿ ಜಾಸ್ತಿ ಹಿಟ್ಟು ಕಮ್ಮಿ. ಆದ್ರೆ ಮೂರನೇದಕ್ಕೆ ಎಣ್ಣೆ ಮುಖಕ್ಕೆ ಹೊಡಿಯೋಕೆ ಶುರು ಆಗತ್ತೆ, ಆಗ ಕೈ ಹಿಡಿಯೋದು ಪಕ್ಕದ ತಣ್ಣನೆ ಪ್ಲೇಟು. ಜಿಯೆಮೊದುನ್ ಅಂತ ತರಿಸಿದ್ದ ಪುಟ್ಟ, ಚೈನೀಸ್ ಕ್ಯಾಬೇಜನ್ನ ದುಂಡು ದುಂಡು ಕತ್ತರಿಸಿ ಬಿಸಿನೀರು ಹುಯ್ದು ಸಾಸಿವೆ ಪುಡಿ ಸಕ್ಕರೆ ವಿನೆಗರ್ ಹಚ್ಚಿ ಮುಚ್ಚಿಟ್ಟಿರೋದು. ಚಳಿಗಾಲದ ಹೊಸವರ್ಷದ ಐಟಂ ಇದು, ಈಗ ಹೋಟೆಲಲ್ಲಿ ವರ್ಷಪೂರ್ತಿ ಸಿಗತ್ತೆ. ಒಂದು ತುಂಡು ಬಾಯಿಗೆ ಇಟ್ರೆ ಸಾಸಿವೆ ಘಾಟು ಸೀದಾ ನೆತ್ತಿಗೆ, ಕಣ್ಣಲ್ಲಿ ನೀರು, ಮರುಕ್ಷಣ ಬಾಯಿ ಕ್ಲೀನ್, ಮತ್ತೆ ನಾಲ್ಕನೇ ಹುವೊಶಾವ್ ತಿನ್ನೋಕೆ ರೆಡಿ. ನನ್ ಪ್ರಕಾರ ಇಲ್ಲಿನ ಊಟದ ಲೆಕ್ಕಾಚಾರ ಇಷ್ಟೇ. ಹೂರಣದ ರೊಟ್ಟೀನ ಒಂದೇ ತಿಂದು ಭಾರ ಅಂತ ಹೇಳೋರು ಪಕ್ಕದ ತಣ್ಣನೆ ಪ್ಲೇಟ್ ತರಿಸಿರಲ್ಲ.

ಕುಡಿಯೋಕೆ ಸ್ವಾನ್‌ಮೇಯ್‌ಟಾಂಗ್. ಹೊಗೆಯಲ್ಲಿ ಒಣಗಿಸಿದ ಕಪ್ಪು ಪ್ಲಮ್, ಹಾಥಾರ್ನ್ ಹಣ್ಣು, ಜ್ಯೇಷ್ಠಮಧು, ಕಲ್ಲುಸಕ್ಕರೆ ಹಾಕಿ ಕುದಿಸಿ, ಕೊನೇಲಿ ಆಸ್ಮಾಂತಸ್ ಅನ್ನೋ ಘಮ್ಮನೆ ಹೂವು ಉದುರಿಸಿ ತಣ್ಣಗೆ ಮಾಡೋದು. ಪಕ್ಕದ ಲ್ಯೂಲಿಚಾಂಗ್ ಬೀದಿಯ ಶಿನ್‌ಯುವಾನ್‌ಝಾಯ್ ಇದಕ್ಕೆ ಹೆಸರುವಾಸಿ, 1740ರಲ್ಲಿ ಶುರುವಾಗಿದ್ದು ಅಂತ ಹೇಳ್ಕೊಳ್ತಾರೆ. ಫ್ರಿಜ್ ಇಲ್ದಿರೋ ಕಾಲದಲ್ಲೂ ಬೀಜಿಂಗಲ್ಲಿ ಬೇಸಿಗೇಲಿ ಇದು ಐಸ್ ಕೋಲ್ಡ್ ಸಿಗ್ತಿತ್ತು, ಚಳಿಗಾಲದಲ್ಲಿ ಊರ ಕೆರೆಗಳು ಹೆಪ್ಪುಗಟ್ಟಿದಾಗ ಐಸನ್ನ ದಿಮ್ಮಿ ದಿಮ್ಮಿ ಕತ್ತರಿಸಿ ನೆಲಮಾಳಿಗೇಲಿ ತುಂಬಿಡ್ತಿದ್ರು. ಮಾರೋರು ಕೂಗ್ತಿರ್ಲಿಲ್ಲ, ಎರಡು ಚಿಕ್ಕ ಹಿತ್ತಾಳೆ ಬಟ್ಟಲನ್ನ ಒಂದೇ ಕೈಯಲ್ಲಿ ಟಿಣ್ ಟಿಣ್ ಅನ್ಸ್ತಾ ಬರ್ತಿದ್ರು. ನಾವು ಕುಡಿದಿದ್ದಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿಯೇ ಆಗಿತ್ತು, ಆದ್ರೂ ಹೊಗೆ ವಾಸನೆ ಹುಳಿ ಎರಡೂ ಸೇರಿ ಎಣ್ಣೆ ಜಿಡ್ಡನ್ನ ತೊಳೆದು ಹಾಕ್ತು.

ಸೋಮವಾರ, ಬೀಜಿಂಗ್, ಪಕ್ಕದ ಮನೆ ಅಜ್ಜಿ ಅಡುಗೆಮನೆ

ಇಡೀ ಟ್ರಿಪ್ಪಲ್ಲಿ ಬೆಸ್ಟ್ ಊಟ ಇವತ್ತಿಂದು. ಪುಟ್ಟನ ಅಪಾರ್ಟ್‌ಮೆಂಟಲ್ಲಿ ಪಕ್ಕದ ಮನೇಲಿ ಒಬ್ರು ಅಜ್ಜಿ ಇದಾರೆ, ಇವನು ಅವ್ರನ್ನ ನಾಯ್‌ನಾಯ್ (ಅಂದ್ರೆ ಅಜ್ಜಿ) ಅಂತಾನೆ, ಅವ್ರ ಮೊಬೈಲ್ ರಿಪೇರಿ ಗೀಪೇರಿ ಎಲ್ಲಾ ಇವನದೇ. ಅಮ್ಮ ಬಂದಿದಾರೆ, ಮಾಂಸ ತಿನ್ನಲ್ಲ ಅಂತ ಹೇಳಿದ್ದಕ್ಕೆ ಅಜ್ಜಿ ಒಂದು ನಿಮಿಷಾನೂ ಯೋಚನೆ ಮಾಡದೆ "ಹಾಗಾದ್ರೆ ಜಿಯೂತ್ಸಾಯ್ ಹೆಝ" ಅಂದ್ರಂತೆ.

ಜಿಯೂತ್ಸಾಯ್ ಅಂದ್ರೆ ಚಪ್ಪಟೆ ಎಲೆಯ ಬೆಳ್ಳುಳ್ಳಿ ಘಾಟಿನ ಸೊಪ್ಪು, ಹೆಝ ಅಂದ್ರೆ ಅದನ್ನ ತುಂಬಿ ಮಡಚಿದ ರೊಟ್ಟಿ, ವಸಂತದಲ್ಲಿ ಮೊದಲನೇ ಕೊಯ್ಲಿನ ಸೊಪ್ಪೇ ಶ್ರೇಷ್ಠ ಅಂತ ಇಲ್ಲಿನ ಜನರ ನಂಬಿಕೆ, ನಾವು ಹೋಗಿದ್ದೂ ಸರಿಯಾದ ಸೀಸನ್ನಿಗೆ. ಅಜ್ಜಿ ಸೊಪ್ಪನ್ನ ತೊಳೆದು ನೀರು ಪೂರ್ತಿ ಆರೋಕೆ ಬಿಟ್ಟು, ಸಣ್ಣಗೆ ಹೆಚ್ಚಿ, ಮೊದಲು ಎಣ್ಣೆ ಹಾಕಿ ಕಲಸಿದ್ರು. ಉಪ್ಪು ಕಟ್ಟಕಡೆಗೆ, ಇನ್ನೇನು ತುಂಬಬೇಕು ಅನ್ನೋವಾಗ. ಮೊದಲೇ ಉಪ್ಪು ಹಾಕಿದ್ರೆ ಸೊಪ್ಪು ನೀರು ಬಿಟ್ಟು ಕಣಕ ಹರಿಯತ್ತೆ, ಎಣ್ಣೆ ಮೊದಲು ಹಾಕಿದ್ರೆ ನೀರು ಬಿಡೋದು ತಡ ಆಗತ್ತೆ. ಜೊತೆಗೆ ಪುಡಿಪುಡಿಯಾಗಿ ಹುರಿದ ಮೊಟ್ಟೆ, ನೆನೆಸಿ ಹೆಚ್ಚಿದ ಹೆಸರುಕಾಳಿನ ಶಾವಿಗೆ. ಒಣಸೀಗಡಿ ಪುಡಿ ಹಾಕೋದು ರೂಢಿ, ಅಕ್ಕನಿಗೋಸ್ಕರ ಬಿಟ್ರು. ಹಿಟ್ಟು ಕಲಸೋಕೆ ಅರ್ಧ ಕುದಿಯೋ ನೀರು ಅರ್ಧ ತಣ್ಣೀರು, ಕುದಿಯೋ ನೀರಿಂದ ಮೆತ್ತಗಾಗತ್ತೆ, ತಣ್ಣೀರಿಂದ ಎಳೆದ್ರೂ ಹರಿಯದ ಗಟ್ಟಿತನ ಉಳಿಯತ್ತೆ. ಅಕ್ಕನಿಗೆ ಭಾಷೆ ಬರಲ್ಲ, ಆದ್ರೆ ಹೋಳಿಗೆ ಮಾಡಿ ಮಾಡಿ ಪಳಗಿದ ಕೈ, ಎರಡೇ ನಿಮಿಷ ನೋಡಿ ತೋಳು ಮಡಚ್ಕೊಂಡು ಕೂತ್ಲು, ಅರ್ಧ ಚಂದ್ರ ಶೇಪಿಗೆ ಮಡಚಿ ಅಂಚು ಒತ್ತೋದೂ ಕಲಿತ್ಲು. ಅಜ್ಜಿ ಅವಳ ಕೈ ನೋಡಿ ಏನೋ ಹೇಳಿ ಜೋರಾಗಿ ನಕ್ರು. ಪುಟ್ಟ ಟ್ರಾನ್ಸ್‌ಲೇಟ್ ಮಾಡಿದ, "ನಿಮ್ಮಮ್ಮ ಇಷ್ಟು ಚೆನ್ನಾಗಿ ಮಾಡ್ತಾರೆ, ನೀನ್ಯಾಕೆ ದಿನಾ ನೂಡಲ್ಸ್ ಪ್ಯಾಕೆಟ್ ಹರೀತೀಯ ಅಂತಿದಾರೆ."

ಇದು ಬೇಯೋ ಹೊತ್ತಿಗೆ ತಣ್ಣನೆ ಪ್ಲೇಟುಗಳು ಒಂದೊಂದಾಗಿ ಟೇಬಲ್ಲಿಗೆ ಬಂದ್ವು. ಸೌತೆಕಾಯಿನ ಚಾಕುವಿನ ಅಗಲ ಭಾಗದಿಂದ ಪಟ್ ಪಟ್ ಅಂತ ಜಜ್ಜಿ, ಬೆಳ್ಳುಳ್ಳಿ ಉಪ್ಪು ವಿನೆಗರ್ ಎಳ್ಳೆಣ್ಣೆ. ಚಾಕುವಲ್ಲಿ ನೀಟಾಗಿ ಹೆಚ್ಚಿದ್ರೆ ಮಸಾಲೆ ಜಾರಿ ಹೋಗತ್ತೆ, ಜಜ್ಜಿದ್ರೆ ಒರಟು ಒರಟಾಗಿ ಒಡೆದು ಬಿರುಕಲ್ಲೆಲ್ಲಾ ಹಿಡ್ಕೊಳ್ಳತ್ತೆ. ಆಮೇಲೆ ಲಾವ್‌ಹುತ್ಸಾಯ್, ಹಸಿಮೆಣಸಿನಕಾಯಿ ಸೌತೆಕಾಯಿ ಕೊತ್ತಂಬರಿ ಈರುಳ್ಳಿ ಎಲ್ಲಾ ಹಸಿಯಾಗೇ ಕಲಸಿದ್ದು. ಟೊಮೇಟೊ ಹೋಳುಗಳಿಗೆ ಸಕ್ಕರೆ ಹಾಕಿ ಫ್ರಿಜ್ಜಲ್ಲಿಟ್ಟಿದ್ದು (ಇದನ್ನ ಕೊನೇಲಿ ತಿನ್ನಿ, ತಟ್ಟೇಲಿ ಉಳಿಯೋ ರಸಕ್ಕೆ ಮಕ್ಕಳು ಜಗಳ ಆಡ್ತಾರಂತೆ, ನಾನು ಪುಟ್ಟ ಕೂಡ ಆಡಿದ್ವಿ). ಎಲ್ಲಾದಕ್ಕಿಂತ ಮೇಲೆ ಶಿಯಾಂಗ್‌ಚುನ್ ತೋಫು. ಅದು ಒಂದು ಮರದ ಚಿಗುರು, ವಸಂತದಲ್ಲಿ ಕೆಲವೇ ವಾರ ಸಿಗೋದು, ಕೆಂಪು ಚಿಗುರನ್ನ ಕುದಿಯೋ ನೀರಲ್ಲಿ ಅದ್ದಿದ ತಕ್ಷಣ ಹಚ್ಚ ಹಸಿರಾಗತ್ತೆ, ಸಣ್ಣಗೆ ಹೆಚ್ಚಿ ಮೆತ್ತನೆ ತೋಫು ಮೇಲೆ ಹಾಕಿ ಉಪ್ಪು ಎಳ್ಳೆಣ್ಣೆ ಅಷ್ಟೇ. ಆ ಘಮಕ್ಕೆ ನನ್ ಹತ್ರ ಹೆಸರಿಲ್ಲ, ಮಾರ್ಕೆಟ್ಟಲ್ಲಿ ರೇಟು ಮಾತ್ರ ಜೋರಿದೆ ಅಂತ ಅಜ್ಜಿ ಗೊಣಗಿದ್ರು.

ಪಕ್ಕದಲ್ಲಿ ಲಾಬಾ ಬೆಳ್ಳುಳ್ಳಿ, ಅವ್ರ ಹನ್ನೆರಡನೇ ತಿಂಗಳ ಎಂಟನೇ ದಿನ ಸುಲಿದ ಬೆಳ್ಳುಳ್ಳಿನ ವಿನೆಗರಲ್ಲಿ ಹಾಕಿಡ್ತಾರೆ, ಪಚ್ಚೆ ಹಸಿರಾಗತ್ತೆ. ಬಣ್ಣ ಹಾಕಿದಾರೆ ಅಂತ ಅಕ್ಕ ಡೌಟ್ ಪಟ್ಲು, ಬಣ್ಣ ಅಲ್ಲ, ಚಳೀಲಿ ಇಟ್ಟ ಬೆಳ್ಳುಳ್ಳಿ ಹುಳಿಗೆ ತಾನಾಗೇ ಹಾಗಾಗೋದು. ಆ ವಿನೆಗರನ್ನೇ ಹೆಝಗೆ ಅದ್ಕೊಳ್ಳೋಕೆ ಕೊಟ್ರು. ಕುಡಿಯೋಕೆ ತೆಳ್ಳನೆ ನವಣೆ ಗಂಜಿ, ಉಪ್ಪಿಲ್ಲ ಸಕ್ಕರೆ ಇಲ್ಲ, ಬಿಸಿ. ಅಜ್ಜಿ ಯಜಮಾನ್ರು ನಂಗೆ ಚಿಕ್ಕ ಗ್ಲಾಸಲ್ಲಿ ಅರ್‌ಗ್ವೋತೋ ಹಾಕಿದ್ರು, ಜೋಳದ ಸಾರಾಯಿ, 56 ಡಿಗ್ರಿ, ಅಂದ್ರೆ ನೂರಕ್ಕೆ 56 ಭಾಗ ಆಲ್ಕೋಹಾಲ್. ಒಂದೇ ಗ್ಲಾಸು, ಆಮೇಲೆ ಸಂಜೆ ಪ್ರೋಗ್ರಾಂ ಎಲ್ಲಾ ಕ್ಯಾನ್ಸಲ್.

ಮಂಗಳವಾರ, ಟಿಯಾಂಜಿನ್

ಬೀಜಿಂಗಿಂದ ಸುಮಾರು 120 ಕಿಲೋಮೀಟರ್, ಬುಲೆಟ್ ಟ್ರೈನಲ್ಲಿ ಅರ್ಧ ಗಂಟೆ, 2008ರ ಒಲಿಂಪಿಕ್ಸಿಗೆ ಸ್ವಲ್ಪ ಮುಂಚೆ ಶುರುವಾದ ಲೈನು. ಬೆಳಗಿನ ತಿಂಡಿಗೆ ಬಂದು ಮಧ್ಯಾಹ್ನ ವಾಪಸ್ ಆಗೋ ಪ್ಲಾನು.

ಜಿಯೆನ್‌ಬಿಂಗ್ ಗ್ವೋಝ ಇಲ್ಲಿಂದು. ಹೆಸರುಕಾಳಿನ ಹಿಟ್ಟನ್ನ ಕಾವಲಿ ಮೇಲೆ ಸವರಿ, ಮೊಟ್ಟೆ ಒಡೆದು ಹರಡಿ, ಮಗುಚಿ, ಸಾಸ್ ಹಚ್ಚಿ, ಕರಿದ ಹಿಟ್ಟಿನ ಕೋಲು ಇಟ್ಟು ಮಡಚೋದು. ಇದರ ವಿಷಯದಲ್ಲಿ ಟಿಯಾಂಜಿನ್ ಜನ ತುಂಬಾ ಸ್ಟ್ರಿಕ್ಟು, ಬೇರೆ ಊರಲ್ಲಿ ಹಾಕೋ ಸಾಸೇಜು ಲೆಟ್ಯೂಸು ನೋಡಿದ್ರೆ ಬೈತಾರೆ, 2018ರಲ್ಲಿ ಊರಿನ ತಿಂಡಿ ವ್ಯಾಪಾರದ ಸಂಘ ಇದಕ್ಕೆ ಸ್ಟ್ಯಾಂಡರ್ಡೇ ಬರೆದು ಹೊರಡಿಸ್ತು. ಅಕ್ಕನಿಗೆ ಮಾತ್ರ ಗಾಬಾತ್ಸಾಯ್ ಸಿಕ್ಕಿದ್ದೇ ಸಿಕ್ಕಿದ್ದು, ಅದೇ ಹೆಸರುಹಿಟ್ಟಿನ ಹಾಳೆ ಒಣಗಿಸಿ ತುಂಡು ಮಾಡಿ ಗಟ್ಟಿ ಗ್ರೇವೀಲಿ ಮುಳುಗಿಸಿ ಮೇಲೆ ಎಳ್ಳಿನ ಪೇಸ್ಟು, ಹುದುಗು ಬರಿಸಿದ ತೋಫು ರಸ, ಕೊತ್ತಂಬರಿ. ನಾವು ಹೋದ ಅಂಗಡೀಲಿ ಗ್ರೇವಿಗೆ ಮಾಂಸ ಹಾಕಿರ್ಲಿಲ್ಲ, ಕೇಳ್ಕೊಂಡೇ ತಗೊಂಡ್ವಿ.

ಚಾಟಾಂಗ್ ಅಂಗಡಿ ಮುಂದೆ ಡ್ರ್ಯಾಗನ್ ಮೂತಿಯ ಬೃಹತ್ ತಾಮ್ರದ ಕೆಟಲ್. ಬೌಲಲ್ಲಿ ಜೋಳದ ಹಿಟ್ಟು ಸ್ವಲ್ಪ ನೀರಲ್ಲಿ ಕದಡಿ ಹಿಡ್ಕೊಂಡು ನಿಂತ್ಕೊಳ್ತಾರೆ, ಕೆಟಲ್ ಬಗ್ಗಿಸಿದ್ರೆ ಕುದಿಯೋ ನೀರು ಒಂದೇ ರಭಸದಲ್ಲಿ ಬಿದ್ದು ಅಲ್ಲೇ ಹಿಟ್ಟು ಬೇಯತ್ತೆ. ನೋಡೋಕೆ ಮಜಾ, ತಿನ್ನೋಕೆ ಸಾಧಾರಣ.

ಬುಧವಾರ, ಬಾವೊಡಿಂಗ್

"ಕತ್ತೆ ತಿನ್ನೋಕೆ ಅಂತ ಟ್ರೈನ್ ಹತ್ತಿ ಬರಬೇಕಿತ್ತೇನೋ?" ಅಂತ ಅಕ್ಕ ಸ್ಟೇಷನ್ ಇಳಿಯೋವರೆಗೂ ಬೈದ್ಲು. ಹೌದು, ಕತ್ತೆ ಮಾಂಸಾನೇ. ಆಕಾಶದಲ್ಲಿ ಡ್ರ್ಯಾಗನ್ ಮಾಂಸ, ಭೂಮೀಲಿ ಕತ್ತೆ ಮಾಂಸ ಅಂತ ಹಬೆಯ್ ಪ್ರಾಂತ್ಯದವ್ರು ಗಾದೆ ಹೇಳ್ತಾರೆ. ಇಲ್ಲಿ ಎರಡು ಪಂಗಡ ಇದೆ. ಬಾವೊಡಿಂಗಿಂದು ಗುಂಡನೆ ಹುವೊಶಾವ್ ರೊಟ್ಟಿ, ಮಸಾಲೇಲಿ ಬೆಂದ ಬಿಸಿ ಮಾಂಸ ಹೆಚ್ಚಿ ತುಂಬ್ತಾರೆ. ಹತ್ತಿರದ ಹೆಜಿಯೆನ್ ಊರಿಂದು ಉದ್ದನೆ ಚೌಕ, ಪದರ ಪದರ ಗರಿಗರಿ, ಒಳಗೆ ತಣ್ಣನೆ ಮಾಂಸ, ಜೊತೆಗೆ ಆ ಮಾಂಸದ ರಸಕ್ಕೆ ಸ್ಟಾರ್ಚ್ ಹಾಕಿ ಹೆಪ್ಪಾಗಿಸಿದ ಮೆನ್‌ಝ. ಎರಡೂ ತಿಂದೆ. ಮಾಂಸ ಒಣಕಲು ಇಲ್ಲ, ಕೊಬ್ಬೂ ಇಲ್ಲ, ನಾರು ಸಣ್ಣ. ಬಾವೊಡಿಂಗಲ್ಲಿ ಕೂತು ಹೇಳಬಾರದು, ಆದ್ರೂ ನನ್ನ ವೋಟು ಹೆಜಿಯೆನ್‌ಗೆ, ಬಿಸಿ ರೊಟ್ಟಿಗೆ ತಣ್ಣನೆ ಮಾಂಸ ಬಿದ್ದಾಗ ಅಂಚು ಗರಿಯಾಗೇ ಉಳಿಯತ್ತೆ.

ಅಕ್ಕ ಅದೇ ಖಾಲಿ ಹುವೊಶಾವ್ ಒಳಗೆ ಹುರಿದ ಹಸಿಮೆಣಸು, ಆಮ್ಲೆಟ್ ತುಂಬಿಸ್ಕೊಂಡು ತಿಂದ್ಲು, ಅಂಗಡಿಯವ್ರು ಬೇಜಾರು ಮಾಡ್ಕೊಳ್ಳದೆ ಮಾಡ್ಕೊಟ್ರು. ಅವಳದ್ದೂ ಒಂದು ಕಚ್ಚು ತಿಂದೆ, ಚೆನ್ನಾಗೇ ಇತ್ತು. ಊರಲ್ಲಿ ಹಳೇ ಕಮಲದ ಕೊಳದ ಉದ್ಯಾನ ಇದೆ, ಸುತ್ತು ಹಾಕಿದ್ವಿ, ಏಪ್ರಿಲ್ ಆದ್ರಿಂದ ಕಮಲ ಇರ್ಲಿಲ್ಲ.

ಗುರುವಾರ, ಟ್ರೈನು, ಶಿಯಾನ್

ಬಾವೊಡಿಂಗಿಂದಲೇ ಶಿಯಾನ್ ಟ್ರೈನ್. ಕಿಟಕಿ ಆಚೆ ಗಂಟೆಗಟ್ಟಲೆ ಗೋಧಿ ಹೊಲ, ಹಸಿರಾಗೇ ಇತ್ತು, ಕೊಯ್ಲಿಗೆ ಇನ್ನೂ ಟೈಮಿದೆ. ಬೋಗೀಲಿ ಕುದಿಯೋ ನೀರಿನ ನಲ್ಲಿ ಇರತ್ತೆ, ಎಲ್ರೂ ಫ್ಲಾಸ್ಕ್ ತಗೊಂಡು ಬಂದು ತುಂಬಿಸ್ಕೊಳ್ತಾರೆ, ಅಕ್ಕ ಅದೇ ನೀರಲ್ಲಿ ಊರಿಂದ ತಂದಿದ್ದ ಅವಲಕ್ಕಿ ನೆನೆಸಿದ್ಲು.

ಸಂಜೆ ದೊಡ್ಡ ಕಾಡು ಹೆಬ್ಬಾತು ಪಗೋಡಾ. ಹ್ಯೂಯೆನ್ ತ್ಸಾಂಗ್ ಇಂಡಿಯಾದಿಂದ ತಂದ ಗ್ರಂಥಗಳನ್ನ ಇಡೋಕೆ 652ರಲ್ಲಿ ಕಟ್ಟಿದ್ದು. ನಮ್ಮ ಇಮ್ಮಡಿ ಪುಲಕೇಶಿ ರಾಜ್ಯ ಸುತ್ತಿ, ಅವನ ಬಗ್ಗೆ ಬರೆದಿಟ್ಟ ಮನುಷ್ಯ ವಾಪಸ್ ಬಂದು ಕೂತು ಅನುವಾದ ಮಾಡಿದ ಜಾಗ, ಬಾದಾಮಿ ನೋಡಿದ ಮೇಲೆ ಇದನ್ನ ನೋಡಿದ್ರೆ ಏನೋ ಖುಷಿ. ಅಲ್ಲಿಂದ ಸೀದಾ ಹುಯ್ ಬೀದಿ, ಮೇನ್ ರೋಡ್ ಪೂರ್ತಿ ಟೂರಿಸ್ಟ್ ಗಲಾಟೆ, ಪುಟ್ಟ ಸಾಜಿನ್‌ಚಾವ್ ಗಲ್ಲಿ ಕಡೆ ತಿರುಗಿಸಿದ, ಅಲ್ಲಿ ಊರಿನವ್ರೇ ತಿನ್ನೋದು.

ಶುಕ್ರವಾರ, ಶಿಯಾನ್

ಇಲ್ಲಿನ ಫೇಮಸ್ ಸೆಟ್ ಊಟ ಮೂರು ಐಟಂ: ರೋಜಿಯಾಮೊ, ಲಿಯಾಂಗ್‌ಪಿ, ಬಿಂಗ್‌ಫೆಂಗ್ ಸೋಡಾ. ಬಿಸಿ, ತಣ್ಣಗೆ, ಗ್ಯಾಸು. ಬೀಜಿಂಗಲ್ಲಿ ನಾವೇ ಹುಡುಕಿ ಹುಡುಕಿ ಜೋಡಿಸ್ಕೊಂಡಿದ್ದನ್ನ ಇಲ್ಲಿ ರೆಡಿಮೇಡಾಗಿ ಮೆನೂಲೇ ಬರೆದಿಟ್ಟಿದಾರೆ.

ರೋಜಿಯಾಮೊ ಅಂದ್ರೆ ಗಟ್ಟಿ ಬಿಳಿ ರೊಟ್ಟಿ ಸೀಳಿ ಗಂಟೆಗಟ್ಟಲೆ ಮಸಾಲೇಲಿ ಬೆಂದ ಹಂದಿಮಾಂಸ ಕೊಚ್ಚಿ ತುಂಬೋದು, ಹುಯ್ ಅಂಗಡೀಲಿ ಆದ್ರೆ ದನದ್ದು. ಅಕ್ಕನಿಗೆ ತ್ಸಾಯ್‌ಜಿಯಾಮೊ, ಅದೇ ರೊಟ್ಟಿಗೆ ಆಲೂಗಡ್ಡೆ ಎಳೆ, ಮೆಣಸಿನಕಾಯಿ, ಕರಿದ ತೋಫು, ಮೊಟ್ಟೆ. ಕಾಲೇಜು ಹುಡುಗರ ತಿಂಡಿ ಅದು, ಯಾವುದು ಬೇಕೋ ಬೆರಳು ತೋರ್ಸಿದ್ರೆ ತುಂಬ್ತಾ ಹೋಗ್ತಾರೆ. ಸಸ್ಯಾಹಾರಿಗಳು ಶಿಯಾನಲ್ಲಿ ಕಣ್ಮುಚ್ಚಿ ಇದನ್ನ ಕೇಳಿ.

ಲಿಯಾಂಗ್‌ಪಿ ಮಾಡೋದನ್ನ ಅಂಗಡಿ ಹಿಂದೆ ಹೋಗಿ ನೋಡಿದ್ವಿ. ಗೋಧಿಹಿಟ್ಟು ಕಲಸಿ ಮುದ್ದೆ ಮಾಡಿ, ಆ ಮುದ್ದೇನ ನೀರಲ್ಲಿ ಬಟ್ಟೆ ಒಗೆಯೋ ಥರ ಹಿಂಡ್ತಾ ಹೋಗ್ತಾರೆ. ಸ್ಟಾರ್ಚೆಲ್ಲಾ ನೀರಿಗೆ ಬಿಟ್ಟು ಕೈಯಲ್ಲಿ ರಬ್ಬರಿನ ಥರದ ಅಂಟು ಉಳಿಯತ್ತೆ. ನೀರನ್ನ ಗಂಟೆಗಟ್ಟಲೆ ತಿಳಿಯಾಗೋಕೆ ಬಿಟ್ಟು ಮೇಲಿನ ತಿಳಿ ಚೆಲ್ಲಿ, ಅಡಿಯ ಗಟ್ಟಿ ಹಾಲನ್ನ ತಗಡಿನ ತಟ್ಟೇಲಿ ತೆಳ್ಳಗೆ ಹುಯ್ದು ಹಬೇಲಿ ಬೇಯಿಸಿದ್ರೆ ಗಾಜಿನಷ್ಟು ನಯವಾದ ಹಾಳೆ. ತಣ್ಣೀರಿನ ಮೇಲೆ ತಟ್ಟೆ ಇಟ್ಟು ಆರಿಸಿ, ಎಣ್ಣೆ ಸವರಿ, ಅಗಲವಾಗಿ ಕತ್ತರಿಸಿ. ಉಳಿದ ಅಂಟನ್ನೂ ಹಬೇಲಿ ಬೇಯಿಸಿ ತುಂಡು ಮಾಡಿ ಅದಕ್ಕೇ ಹಾಕ್ತಾರೆ, ತೂತು ತೂತಾಗಿರೋದ್ರಿಂದ ಮಸಾಲೆ ಪೂರ್ತಿ ಹೀರ್ಕೊಂಡಿರತ್ತೆ, ಪ್ಲೇಟಲ್ಲಿ ಮೊದಲು ಖಾಲಿ ಆಗೋದೇ ಅದು. ಮೊಳಕೆ ಕಾಳು, ಸೌತೆಕಾಯಿ, ಬೆಳ್ಳುಳ್ಳಿ ನೀರು, ವಿನೆಗರ್, ಮೆಣಸಿನಪುಡಿ ಮೇಲೆ ಕಾದೆಣ್ಣೆ ಸುರಿದು ಮಾಡಿದ ಕೆಂಪೆಣ್ಣೆ. ಪೂರ್ತಿ ಸಸ್ಯಾಹಾರ, ಅಕ್ಕ ಮಾತಿಲ್ಲ ಕತೆಯಿಲ್ಲ ಹೊಡೀತಾ ಇದ್ಲು.

ಶಿಯಾನ್ ದಕ್ಷಿಣಕ್ಕೆ ಚಿನ್‌ಲಿಂಗ್ ಬೆಟ್ಟಸಾಲು ಇದೆ, ಅದನ್ನ ದಾಟಿದ್ರೆ ಹಾನ್‌ಝೋಂಗ್, ಭತ್ತದ ಸೀಮೆ ಶುರು. ಅಲ್ಲಿನ ಲಿಯಾಂಗ್‌ಪಿ ಅಕ್ಕಿದು, ಮೆತ್ತಗೆ, ಬಿಸಿಯಾಗೂ ಕೊಡ್ತಾರೆ. ಈ ಅಂಗಡೀಲಿ ಗೋಧಿದು ಅಕ್ಕಿದು ಎರಡೂ ಇತ್ತು, ಹುಯ್ ಬೀದೀಲಿ ನಿನ್ನೆ ತಿಂದಿದ್ದು ಎಳ್ಳಿನ ಪೇಸ್ಟ್ ಹಾಕಿದ್ದು, ಅದು ಬೇರೇನೇ ರುಚಿ.

ಬಿಂಗ್‌ಫೆಂಗ್ 1953ರಿಂದ ಇರೋ ಲೋಕಲ್ ಕಿತ್ತಳೆ ಸೋಡಾ, ಗಾಜಿನ ಬಾಟಲಿ. ಇದಕ್ಕೆ ಎದುರಾಳಿ ಅಂದ್ರೆ ಬೀಜಿಂಗಿನ ಬೇಬಿಂಗ್‌ಯಾಂಗ್, ಅದೂ ಕಿತ್ತಳೆಯೇ, ಬಾಟಲಿ ಮೇಲೆ ಹಿಮಕರಡಿ, ತೊಂಬತ್ತರ ದಶಕದಲ್ಲಿ ವಿದೇಶಿ ಕಂಪನಿ ಜೊತೆ ಸೇರಿದ ಮೇಲೆ ಮಾರ್ಕೆಟ್ಟಿಂದ ಮಾಯವಾಗಿ 2011ರಲ್ಲಿ ವಾಪಸ್ ಬಂತು, ಬೀಜಿಂಗ್ ಜನ ಅದನ್ನ ಹಬ್ಬದ ಥರ ಸ್ವಾಗತ ಮಾಡಿದ್ರಂತೆ. ಪುಟ್ಟನಿಗೆ ಬೇಬಿಂಗ್‌ಯಾಂಗೇ ಮೇಲು, ಹಣ್ಣಿನ ರುಚಿ ಇದೆ ಅಂತ. ಖಾರದ ಲಿಯಾಂಗ್‌ಪಿ ಜೊತೆಗೆ ಹಣ್ಣಿನ ರುಚಿ ಯಾರಿಗೆ ಬೇಕು, ಚುಚ್ಚೋ ಗ್ಯಾಸ್ ಬೇಕು, ಬಿಂಗ್‌ಫೆಂಗೇ ಸರಿ ಅಂತ ನಾನು. "ಮಾಮ, ನಿಮಗೆ ಸೋಡಾ ಬಗ್ಗೆ ಏನೂ ಗೊತ್ತಿಲ್ಲ" ಅಂತ ಅವನು, ಅಂಗಡಿಯಮ್ಮ ಬೇರೆ ನನ್ನ ಸೈಡು. ಅಕ್ಕ ಚಾಪ್‌ಸ್ಟಿಕ್ ಕೆಳಗಿಟ್ಟು, "ಆ ಬಾಟಲಿ ಜಗಳ ಆಮೇಲೆ ಆಡ್ಕೊಳ್ಳಿ, ಲೋ ಪುಟ್ಟ, ಆಯಮ್ಮನಿಗೆ ಹೇಳೋ, ಇನ್ನೊಂದು ಪ್ಲೇಟು, ಈ ಸಲ ಅಕ್ಕಿದು, ಆ ಕೆಂಪೆಣ್ಣೆ ಇನ್ನೊಂದು ಸೌಟು ಜಾಸ್ತಿ ಹಾಕೋಕೆ ಹೇಳು" ಅಂದ್ಲು.